ನೋವು ತಿಳಿಯದ ಮುಲಾಮು

ಸತ್ತ ಕೋಳಿಗೆ ಟಿಕೆಟ್ ತೆಗೆಯಬೇಕೋ ಬೇಡವೋ ಎಂದು ಸೂಡಿಯ ಬಸ್‌ಸ್ಟ್ಯಾಂಡಿನಲ್ಲಿ ಶುರುವಾದ ಜಗಳ ಬಸ್ಸು ಊರು ದಾಟುವವರೆಗೂ ಮುಗಿಯಲಿಲ್ಲ.

“ಚೀಲದಾಗ ಏನ್ ಐತಬೇ?” ಎಂದು ಕಂಡಕ್ಟರ್ ಮಾಯವ್ವನನ್ನು ಕೇಳಿದ್ದ.

“ಕೋಳಿ.”

“ಕೋಳಿಗೆ ಟಿಕೆಟ್ ಆಗತೈತಿ.”

“ಸತ್ತೈತಿ.”

“ಸತ್ತಿದ್ರ ಬಸ್ಸಿನ್ಯಾಗ ಒಯ್ಯಂಗಿಲ್ಲ. ನಾರತೈತಿ.”

“ಇವತ್ತ ಮುಂಜಾನೆ ಸತ್ತೈತಿ. ನಿನ್ನ ಬಸ್ಸಿನಕಿಂತ ಕಡಿಮಿ ನಾರತೈತಿ, ಮೂಸಿ ನೋಡು.”

ಹಿಂದಿನ ಸೀಟಿನಿಂದ ಯಾರೋ, “ಬಿಡೋ ಮಾರಾಯಾ, ಹೆಂಗಸರಿಗೆ ಪುಕ್ಕಟ ಐತಲ್ಲ. ಅದೂ ಹೆಣ್ಣಽ ಐತಿ,” ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರೂ ನಕ್ಕು ಮುಂದೆ ಹೋದ. ಮಾಯವ್ವ ಮಾತ್ರ ನಗಲಿಲ್ಲ. ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಹೆಸರು ಬಿಡಿಸುವ ದಿನಗಳು. ಹೊಲಗಳ ತುಂಬ ಬಗ್ಗಿದ ಬೆನ್ನುಗಳು. ತಾನೂ ಈ ಹೊತ್ತಿಗೆ ಅಲ್ಲಿರಬೇಕಾಗಿತ್ತು. ಇರದಂತೆ ಮಾಡಿದವನ ಅಂಗಡಿಗೇ ಅವಳು ಹೊರಟಿದ್ದಳು.

ಮಾಯವ್ವನಿಗೆ ಐವತ್ತೆರಡರ ಆಸುಪಾಸು. ಸಾಲೆಯ ಕಟ್ಟೆ ಹತ್ತಿದವಳಲ್ಲ. ಅವಳ ಓಣಿಯಲ್ಲಿ ಯಾರೂ ಅವಳನ್ನು ಡಾಕ್ಟರ್ ಎಂದು ಕರೆಯುವುದಿಲ್ಲ. ಆದರೆ ನಾಯಿ ಹಿಡಿದು ಬಿಟ್ಟ ಕೋಳಿ, ಮುಂಗುಸಿ ಕಚ್ಚಿದ ಕೋಳಿ, ಹದ್ದು ಎತ್ತಿ ಕೆಡವಿದ ಮರಿ, ಎಲ್ಲವೂ ಸೆರಗಿನಲ್ಲಿ ಸುತ್ತಿಕೊಂಡು ಬರುವುದು ಅವಳ ಬಾಗಿಲಿಗೇ. ಮೊದಲೆಲ್ಲ ಗಾಯಕ್ಕೆ ಜನ ಏನೇನು ಹಚ್ಚುತ್ತಿದ್ದರು ಎಂದರೆ ಕೇಳಿದವರ ಮೈ ಉರಿಯಬೇಕು. ಟ್ರ್ಯಾಕ್ಟರಿನ ಕರಿ ಆಯಿಲ್, ಸೀಮೆಎಣ್ಣೆ, ಸಂಡಾಸಕ್ಕೆ ಹಾಕುವ ಫಿನಾಯಿಲ್, ತಲೆನೋವಿನ ಬಾಮು. ಮನುಷ್ಯನಾದರೆ ಉರಿ ಎಂದು ಕಿರುಚುತ್ತಾನೆ. ಕೋಳಿ ಮೂಲೆ ಹಿಡಿದು ಸಾಯುತ್ತದೆ. ಸತ್ತರೆ, “ಬ್ಯಾನಿ ಬಂದಿತ್ತು” ಎಂದು ಕೈ ತೊಳೆದುಕೊಳ್ಳುತ್ತಾರೆ. ದನ ಸತ್ತರೆ ಊರಿಗೆ ಊರೇ ಬಂದು ನಿಲ್ಲುತ್ತದೆ. ಕೋಳಿ ಸತ್ತರೆ ಸಾಕಿದ ಹೆಂಗಸು ಒಬ್ಬಳೇ ಗುಂಡಿ ತೋಡುತ್ತಾಳೆ.

ನಾಲ್ಕು ವರ್ಷದ ಕೆಳಗೆ ಬೆಳವಣಕಿಯಲ್ಲಿ ದನಕರುಗಳ ತಪಾಸಣೆ ಇಟ್ಟಿದ್ದರು. ಎಲ್ಲರೂ ಎಮ್ಮೆ, ಎತ್ತು ಹೊಡೆದುಕೊಂಡು ಬಂದ ಸಾಲಿನಲ್ಲಿ ಮಾಯವ್ವ ಬುಟ್ಟಿಯಲ್ಲಿ ಒಂದು ಹೇಂಟೆ ಇಟ್ಟುಕೊಂಡು ನಿಂತಳು. ಜನ ಹಲ್ಲು ಕಿಸಿದರು. ದೇವಿಕಾ ಎಂಬ ಡಾಕ್ಟರು ಕಿಸಿಯಲಿಲ್ಲ. ಹೇಂಟೆಯನ್ನು ಎತ್ತಿ ಮೇಜಿನ ಮೇಲೆ ಇಟ್ಟುಕೊಂಡು, ಅದರ ಬೆನ್ನಿನ ಹರಿದ ಚರ್ಮ ತೊಳೆಯುತ್ತ ಹೇಳಿದ್ದರು:

“ಕೋಳಿ ಅಂದ್ರ ಸಣ್ಣ ಮನಷ್ಯಾ ಅಲ್ಲಬೇ. ನಮಗ ಚಲೋ ಆಗೋದು ಅದಕ್ಕ ವಿಷ ಆಗಬಹುದು. ನೋವು ತಿಳೀದಂಗ ಮಾಡೋ ಮುಲಾಮು ಹಚ್ಚಬ್ಯಾಡ. ತುರಿಕಿ ಮುಲಾಮು ಬ್ಯಾಡ. ಬಾಮು ಬ್ಯಾಡ. ಏನಽ ಹಚ್ಚು, ಅದು ಕುಕ್ಕಿ ಕುಕ್ಕಿ ನುಂಗತೈತಿ ಅನ್ನೋದು ನೆನಪಿಡು. ಉಪ್ಪುನೀರಿಂದ ತೊಳಿ. ಆಮ್ಯಾಲ ತೆಳ್ಳಗ ಇದನ್ನ ಸವರು. ಗರಿಗೆ ಮೆತ್ತಬ್ಯಾಡ. ಇದನ್ನ ಹಚ್ಚಿದ ಕೋಳಿ ತತ್ತಿ ಎಷ್ಟು ದಿನ ತಿನ್ನಬಾರದು ಅಂತ ನನ್ನ ಕೇಳಿ ತಿನ್ನು.”

ಹಾಗೆಂದು ಕೊಟ್ಟದ್ದು ಒಂದು ಸಾದಾ ಗಾಯದ ಮುಲಾಮು. ನೀಲಿ ರಟ್ಟಿನ ಡಬ್ಬಿ, ಮೇಲೊಂದು ಬಿಳಿ ಪಟ್ಟಿ. ಅಕ್ಷರ ಬಾರದ ಮಾಯವ್ವ ಡಬ್ಬಿಯನ್ನೇ ಓದಲು ಕಲಿತಳು. ಖಾಲಿಯಾದ ಡಬ್ಬಿಯನ್ನು ಎಲೆಯಡಿಕೆಯ ಸಂಚಿಯಲ್ಲಿ ಮಡಚಿಟ್ಟುಕೊಂಡು, ಮುಲಾಮು ಮುಗಿದಾಗಲೆಲ್ಲ ಗಜೇಂದ್ರಗಡದ ಔಷಧ ಅಂಗಡಿಯಲ್ಲಿ ತೋರಿಸಿ ಅಂಥದೇ ತರುತ್ತಿದ್ದಳು. ನಾಲ್ಕು ವರ್ಷ ಒಂದೂ ತಪ್ಪಾಗಲಿಲ್ಲ. ಓಣಿಯಲ್ಲಿ ಕರಿ ಆಯಿಲ್ ನಿಂತುಹೋಯಿತು. ಇದು ಯಾವ ಇಲಾಖೆಯ ಯಾವ ಕಾಗದದಲ್ಲೂ ಬರೆದಿಲ್ಲ.

ಈ ಸಲ ಗಾಯ ಬೇರೆ ಥರ ಬಂದಿತ್ತು. ಎದುರು ಮನೆಯ ಲಾಲಬಿ ಒಂದೇ ಕಾವಿನ ಐದು ಎಳೆಯ ಹೇಂಟೆಗಳನ್ನು ಸಾಕಿದ್ದಳು. ಮಗಳು ನಿಲೋಫರ ಎಂಟು ತಿಂಗಳ ಬಸುರಿ, ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಅವಳು ಹಡೆಯುವ ಹೊತ್ತಿಗೆ ಹೇಂಟೆಗಳು ತತ್ತಿ ಇಡಬೇಕು. ಮೊದಲ ನಲವತ್ತು ದಿನ ಮಗಳ ತಾಟಿನಲ್ಲಿ ದಿನಕ್ಕೆರಡು ಜವಾರಿ ತತ್ತಿ ಇರಬೇಕು. ಅದು ಲಾಲಬಿಯ ಹಟ. “ಅಂಗಡಿ ತತ್ತಿ ನನ್ನ ಮಗಳ ಬಾಯಾಗ ಇಡಾಕಿ ಅಲ್ಲ ನಾ” ಎಂದು ಆರು ತಿಂಗಳಿಂದ ಓಣಿಗೆಲ್ಲ ಸಾರಿದ್ದಳು. ಆ ಐದೂ ಒಂದರ ಹಿಂದೊಂದು ಕುಂಟತೊಡಗಿದವು. ಕಾಲಿನ ಸುತ್ತ ಬಳೆ ತೊಟ್ಟಂತೆ ಬಾತು, ಕೀವು ಕಟ್ಟಿ, ನೊಣ ಮುತ್ತುತ್ತಿದ್ದವು.

ಮಾಯವ್ವ ಅಂಗಡಿಗೆ ಹೋಗಿ ಡಬ್ಬಿ ತೋರಿಸಿದಳು. ಅಂಗಡಿಯ ಅಂದಾನೆಪ್ಪ ಕೊಟ್ಟದ್ದೂ ನೀಲಿ ಡಬ್ಬಿಯೇ, ಬಿಳಿ ಪಟ್ಟಿಯೇ. ಆದರೆ ಪಟ್ಟಿಯ ಕೆಳಗೆ ಕೆಂಪು ಗೆರೆಯೊಂದಿತ್ತು. ಅವಳ ಕಣ್ಣು ಅದರ ಮೇಲೆ ಬಿತ್ತು.

“ಇದು ಕೆಂಪು ಗೆರಿ ಯಾಕ ಐತಿ?”

“ಹೊಸಾದು ಬಂದೈತಿ. ಅದಕಿಂತ ಚಲೋ ಐತಿ, ಒಯ್ಯಿ.”

ಕೇಳಿದಳು ಎಂಬುದನ್ನು ಗಮನಿಸಬೇಕು. ಓದು ಬಾರದ ಹೆಂಗಸು ಕೆಂಪು ಗೆರೆ ಕಂಡು ಕೇಳಿದಳು. ಓದು ಬಂದವನು ತಿರುವಿ ನೋಡುವಷ್ಟೂ ಕಷ್ಟ ತೆಗೆದುಕೊಳ್ಳಲಿಲ್ಲ.

ಹಚ್ಚಿದ ಮೊದಲ ದಿನವೇ ಹೇಂಟೆಗಳು ಕುಂಟುವುದನ್ನು ಬಿಟ್ಟವು. ಲಾಲಬಿ ಹಿಗ್ಗಿ, “ನಿನ್ನ ಕೈಗುಣ ಮಾಯಕ್ಕಾ, ಕುಣದಾಡಾಕ ಹತ್ಯಾವ ನೋಡು” ಎಂದಳು. ಎರಡು ಹೊತ್ತು ಎಂದದ್ದನ್ನು ನಾಲ್ಕು ಹೊತ್ತು ಮಾಡಿದಳು. ತೆಳ್ಳಗೆ ಎಂದದ್ದನ್ನು ರೊಟ್ಟಿಗೆ ಬೆಣ್ಣೆ ಮೆತ್ತಿದಂತೆ ಮೆತ್ತಿದಳು. ಮಗಳ ಮೇಲಿನ ಆಸೆ ಕೈಯಲ್ಲಿ ಹಾಗೆ ಸುರಿಯುತ್ತಿತ್ತು. ನಾಲ್ಕನೆಯ ದಿನ ಒಂದು ಹೇಂಟೆ ಕುಡಿದವರ ಹಾಗೆ ತೂರಾಡಿತು, ಕತ್ತು ಚೆಲ್ಲಿತು, ರೆಕ್ಕೆ ಬಡಿದು ಸತ್ತಿತು. ಮರುದಿನ ಇನ್ನೊಂದು. ಇಂದು ಮುಂಜಾನೆ ಮೂರನೆಯದು.

ಆ ಮೂರನೆಯದನ್ನು ಲಾಲಬಿ ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಓಣಿಯ ನಡುವೆ ನಿಂತಳು.

“ಹಿಡಿ. ನಿನ್ನ ಮುಲಾಮಿನ ಕಿಮ್ಮತ್ತು ಹಿಡಿ. ಕೊಯ್ದು ತಿಂದಿದ್ರರ ನನ್ನ ಮಗಳ ಹೊಟ್ಟಿಗೆ ಹೋಗತಿತ್ತು. ಈಗ ನಾಯಿಗೂ ಹಾಕಂಗಿಲ್ಲ. ಎರಡ ಉಳದಾವ, ಅವಕ್ಕ ನಿನ್ನ ಕೈ ಹಚ್ಚೀದಿ ಅಂದ್ರ ನೋಡು.”

“ಲಾಲಬಿ, ನಾ ಬೇಕಂತ…”

“ಬೇಕಂತ ಮಾಡಿದ್ದಿ ಅಂದ್ನೇನು? ತಿಳೀದಽ ಮಾಡೀದಿ. ತಿಳೀದಾಕಿ ಡಾಕ್ಟರಕಿ ಯಾಕ ಮಾಡತಿ?”

ಸುತ್ತ ಓಣಿಯ ಹೆಂಗಸರು ನಿಂತಿದ್ದರು. ಅವರಲ್ಲಿ ಬಾನುಬಿ ಹಿಂದಿನ ಸಂಜೆ ತನ್ನ ಹುಂಜವನ್ನು ಔಷಧಕ್ಕೆಂದು ಮಾಯವ್ವನ ಬುಟ್ಟಿಯಡಿ ಬಿಟ್ಟು ಹೋಗಿದ್ದಳು. ಈಗ ಸದ್ದಿಲ್ಲದೆ ಬುಟ್ಟಿ ಎತ್ತಿ, ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದಳು. ಲಾಲಬಿಯ ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚಿತು. ಮಾಯವ್ವ ಸತ್ತ ಹೇಂಟೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ನಡೆದಳು.

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಮಾಯವ್ವ ಸರದಿ ಕಾಯಲಿಲ್ಲ. ಹೇಂಟೆಯನ್ನು ತೆಗೆದು ಗಾಜಿನ ಮೇಲೆ ಇಟ್ಟಳು.

“ಏ ಏ ಏ! ಏನಿದು? ಔಷಧ ಅಂಗಡಿ ಐತಿ ಇದು!” ಅಂದಾನೆಪ್ಪ ಹಿಂದೆ ಜಿಗಿದ.

“ಅದಕ್ಕಽ ತಂದೇನಿ. ನಿನ್ನ ಔಷಧ ತಿಂದ ಸತ್ತದ್ದು.” ಅವಳು ಸಂಚಿಯಿಂದ ಹಳೆಯ ಡಬ್ಬಿಯನ್ನೂ ಹೊಸ ಡಬ್ಬಿಯನ್ನೂ ತೆಗೆದು ಹೇಂಟೆಯ ಪಕ್ಕದಲ್ಲಿಟ್ಟಳು. “ಓದು. ಎರಡೂ ಓದು. ಕೂಗಿ ಓದು, ಇವರೆಲ್ಲಾರಿಗೂ ಕೇಳಲಿ.”

ಅಂದಾನೆಪ್ಪ ಗಿರಾಕಿಗಳ ಕಡೆ ನೋಡಿ ನಗಲು ಪ್ರಯತ್ನಿಸಿದ. “ಕೋಳಿಗೆ ಹಚ್ಚು ಅಂತ ನಾ ಹೇಳಿದ್ನೇನಬೇ? ಇದು ಮನಷ್ಯಾರ ಔಷಧ.”

“ನಾಲ್ಕ ವರ್ಷದಿಂದ ಒಯ್ಯಾಕ ಹತ್ತೇನಿ. ಬಂದಾಗೊಮ್ಮೆ, ‘ಕೋಳಿ ಡಾಕ್ಟರ್ ಬಂದ್ಳು’ ಅಂತ ನೀನಽ ನಗತಿದ್ದಿ. ಮಂದಿ ಮುಂದ ನಗಾಕ ಕೋಳಿ ನೆನಪಿರತೈತಿ, ಔಷಧ ಕೊಡಾಕ ನೆನಪಿರೂದಿಲ್ಲ?”

ಮುದುಕನೊಬ್ಬ, “ಓದಪಾ ಅಂದಾನೆಪ್ಪಾ, ನಿನಗ ಓದಾಕ ಬರತೈತಲ್ಲ,” ಎಂದ. ಓದಬೇಕಾಯಿತು. ಕನ್ನಡಕ ಏರಿಸಿ, ಡಬ್ಬಿಯ ಬೆನ್ನಿಗೆ ಸಾಸಿವೆಯಷ್ಟು ಸಣ್ಣದಾಗಿ ಅಚ್ಚು ಹಾಕಿದ ಇಂಗ್ಲಿಷನ್ನು ಕಣ್ಣಿಗೆ ಹತ್ತಿರ ಹಿಡಿದು ಅವನು ಓದಿದ. ಹಳೆಯದರಲ್ಲಿ ಕೀವು ಆರಿಸುವ ಔಷಧ ಮಾತ್ರ ಇತ್ತು. ಹೊಸದರಲ್ಲಿ ಅದರ ಜೊತೆ ಇನ್ನೊಂದು ಹೆಸರು.

“ಅದೇನು?”

“ಜೋಮು ಹಿಡಿಸೋದು. ಅಂದ್ರ… ನೋವು ತಿಳೀದಂಗ.”

ಯಾವುದನ್ನು ಹಚ್ಚಬೇಡ ಎಂದು ಡಾಕ್ಟರು ಎಲ್ಲಕ್ಕಿಂತ ಮೊದಲು ಹೇಳಿದ್ದರೋ, ಅದನ್ನೇ ಮಾಯವ್ವ ಐದು ದಿನ ಲಾಲಬಿಯ ಕೈಯಿಂದ ಹಚ್ಚಿಸಿದ್ದಳು. ಕುಂಟುವುದು ನಿಂತದ್ದು ಗಾಯ ಮಾಗಿದ್ದಕ್ಕಲ್ಲ, ಕಾಲು ಸತ್ತಂತಾಗಿದ್ದಕ್ಕೆ. ಒಂದೇ ಬಣ್ಣದ ಎರಡು ಡಬ್ಬಿ ಮಾಡಿ, ಕೊಲ್ಲುವುದಕ್ಕೂ ಕಾಯುವುದಕ್ಕೂ ನಡುವೆ ಕೂದಲಿನಷ್ಟು ಕೆಂಪು ಗೆರೆ ಎಳೆದವರು ಯಾರೋ. ಅದನ್ನೂ ಕೊಳ್ಳುವವಳ ಭಾಷೆಯಲ್ಲಿ ಬರೆಯದವರು ಯಾರೋ. ಅವರಲ್ಲಿ ಯಾರ ಕೊರಳೂ ಮಾಯವ್ವನ ಕೈಗೆ ಸಿಗುವಂತಿರಲಿಲ್ಲ. ಸಿಕ್ಕವನು ಈ ಅಂದಾನೆಪ್ಪ.

“ಬದಲಿ ಕೊಡತೇನಿ ತಗೋ, ಹಳೇದಽ ಐತಿ,” ಎಂದ ಅವನು, ದನಿ ಇಳಿಸಿ.

“ಕೋಳಿ ಬದಲಿ ಕೊಡತಿಯೇನು? ಮೂರು?”

“ಸತ್ತ ಕೋಳಿಗೆ ಇಷ್ಟ ಹಾರಾಡತೀಯಲ್ಲಬೇ…”

“ಇದರ ಬದಲಿಗೆ ನಿನ್ನ ಕೂಸಿದ್ರ ಹಾರಾಡತಿದ್ದಿಲ್ಲೇನು?” ಎಂದವಳೇ ತನ್ನ ಗುಂಡಿಯ ಮೊಬೈಲ್ ತೆಗೆದು ಡಾಕ್ಟರ್ ದೇವಿಕಾಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು. ಎರಡನೇ ಸಲಕ್ಕೆ ಅವರು ಎತ್ತಿದರು. ರೋಣದ ಕಡೆ ಎಲ್ಲೋ ಕೊಟ್ಟಿಗೆಯಲ್ಲಿದ್ದರು. ಹಿಂದೆ ಕರುವೊಂದು ಕೂಗುತ್ತಿತ್ತು. ಮಾಯವ್ವ ನಡೆದದ್ದನ್ನೆಲ್ಲ ಹೇಳಿದ ಮೇಲೆ ಡಾಕ್ಟರು ಅಂದಾನೆಪ್ಪನಿಂದಲೇ ಎರಡೂ ಡಬ್ಬಿ ಮತ್ತೆ ಓದಿಸಿದರು.

“ಕೆಂಪು ಗೆರಿದು ಉಳದ ಎರಡಕ್ಕ ಹಚ್ಚಬ್ಯಾಡ. ಹಚ್ಚಿದ್ದನ್ನ ಇವತ್ತಽ ಬೆಚ್ಚನ್ನ ಉಪ್ಪುನೀರಿಂದ ಪೂರಾ ತೊಳದ ಹಾಕು. ಬರೇ ಬಿಳಿ ಪಟ್ಟಿದು ಆಗತೈತಿ. ಅಯೋಡಿನ್ ಒಂದ ಒಯ್ಯಿ, ನೀರಿಗೆ ಹಾಕಿದ್ರ ತೆಳ್ಳನ ಚಹಾದ ಬಣ್ಣ ಬರಬೇಕು, ಅಷ್ಟಽ.” ಆಮೇಲೆ ಕೇಳಿದರು, “ಮಾಯವ್ವಾ, ಐದೂ ಕೋಳಿಗೆ ಒಂದಽ ಜಾಗಾದಾಗ ಗಾಯ ಅಂದ್ರ ಹ್ಯಾಂಗ? ಬಳಿ ಹಂಗ ಕಾಲ ಸುತ್ತ?”

“ಹೌದ್ರಿ.”

“ಮುಲಾಮು ಯಾವ್ದು ಅಂತ ಆಮ್ಯಾಲ ಕೇಳು. ಒಳಗ ಏನ್ ಐತಿ ನೋಡೀಯೇನು?”

“ತೊಳದೇನ್ರಿ.” ಅವಳಿಗೆ ಸಿಟ್ಟು ಬಂತು. ಮೂರು ಕೋಳಿ ಸಾಯಿಸಿದವನನ್ನು ಬಿಟ್ಟು ಇವರು ತನ್ನನ್ನೇ ಪರೀಕ್ಷೆ ಮಾಡುತ್ತಿದ್ದಾರೆ.

“ತೊಳಿಯೋದು ಬ್ಯಾರೆ, ನೋಡೋದು ಬ್ಯಾರೆ. ಸತ್ತದ್ದು ನಿನ್ನ ಮುಂದಽ ಐತಲ್ಲ. ಬಾವು ಬಿಡಿಸಿ ನೋಡು, ನನಗ ಹೇಳು.”

ಅವಳು ಅಂದಾನೆಪ್ಪನಿಂದ ಒಂದು ಬ್ಲೇಡ್ ಇಸಿದುಕೊಂಡಳು. ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ಹೇಂಟೆಯ ಕಾಲನ್ನು ತೊಡೆಯ ಮೇಲೆ ಚಾಚಿ, ಬಾತ ಜಾಗವನ್ನು ಮೆಲ್ಲಗೆ ಸೀಳಿದಳು. ಮುಲಾಮು, ಕೀವು, ಅದರಡಿ ಬೆಳೆದು ಮುಚ್ಚಿಕೊಂಡ ಚರ್ಮ. ಆ ಚರ್ಮದ ಒಳಗೆ, ಎಲುಬಿಗೆ ತಾಗುವಷ್ಟು ಆಳದಲ್ಲಿ, ಏನೋ ಮಿಂಚಿತು. ಉಗುರಿನಿಂದ ಎಳೆದಳು. ಹಸಿರು ನೂಲು. ಕಟ್ಟಿದ ದಿನ ಎಷ್ಟು ಹಸಿರಿತ್ತೋ ಅಷ್ಟೇ ಹಸಿರು.

ಮಾಯವ್ವನ ಓಣಿಯ ಕೋಳಿಗಳು ಹಗಲೆಲ್ಲ ಒಂದಾಗಿ ಮೇಯುತ್ತವೆ. ಯಾರದು ಯಾವುದು ಎಂಬ ಜಗಳ ಬರಬಾರದೆಂದು ಮರಿ ಎರಡು ತಿಂಗಳದ್ದಾದಾಗ ಕಾಲಿಗೆ ಬಣ್ಣದ ನೂಲು ಕಟ್ಟುವುದು ಅಲ್ಲಿಯ ರೂಢಿ. ಬಾನುಬಿಯ ಮನೆಗೆ ಹಳದಿ, ಮಾಯವ್ವನಿಗೆ ಕೆಂಪು, ಲಾಲಬಿಗೆ ಹಸಿರು. ನೂಲು ತರುವವಳು ಮಾಯವ್ವ. ಪ್ರಾಯದಲ್ಲಿ ಅವಳು ಗಜೇಂದ್ರಗಡದ ನೇಕಾರರ ವೀರವ್ವನ ಮನೆಯಲ್ಲಿ ಮೂರು ವರ್ಷ ಲಾಳಿಗೆ ನೂಲು ಸುತ್ತುವ ಕೆಲಸಕ್ಕಿದ್ದಳು. ಆ ಬಳಕೆಯಲ್ಲಿ ಈಗಲೂ ಮಗ್ಗದಲ್ಲಿ ಕತ್ತರಿಸಿ ಉಳಿದ ನೂಲಿನ ಗಂಟು ತಂದು ಮನೆಮನೆಗೆ ಹಂಚುತ್ತಾಳೆ. ಮೊದಲಿನದು ಹತ್ತಿ ನೂಲು. ಮಳೆ, ಕೆಸರು ತಾಗಿ ಎರಡು ತಿಂಗಳಿಗೆ ಕೊಳೆತು ತಾನೇ ಉದುರುತ್ತಿತ್ತು. ಕಾಲು ದಪ್ಪಗಾದ ಮೇಲೆ ಹೊಸದು ಕಟ್ಟುತ್ತಿದ್ದರು. ಕಳೆದ ಚಳಿಗಾಲದಲ್ಲಿ ವೀರವ್ವ ಕೊಟ್ಟ ಗಂಟು ಚಮಕಾ ನೂಲಿನದು. ನಕಲಿ ರೇಷ್ಮೆ. ನೋಡಲು ಚಂದ. ಅದು ಕೊಳೆಯುವುದಿಲ್ಲ, ಹರಿಯುವುದಿಲ್ಲ. ಕಾಲು ಬೆಳೆಯಿತು, ನೂಲು ಬೆಳೆಯಲಿಲ್ಲ.

ಲಾಲಬಿಯ ಆ ಐದು ಮರಿಗಳ ಕಾಲಿಗೆ ನೂಲು ಕಟ್ಟಿದ್ದು ಲಾಲಬಿ ಅಲ್ಲ. “ನಿನ್ನ ಗಂಟು ಗಟ್ಟಿ ಇರತೈತಿ ಮಾಯಕ್ಕಾ” ಎಂದು ಅವಳು ಮರಿ ಹಿಡಿದುಕೊಟ್ಟಿದ್ದಳು. ಕಟ್ಟಿದ್ದು ಮಾಯವ್ವನೇ.

“ಏನದು?” ಅಂದಾನೆಪ್ಪ ಗಾಜಿನ ಮೇಲಿಂದ ಬಗ್ಗಿ ಕೇಳಿದ. ಮೊಬೈಲಿನಿಂದ ಡಾಕ್ಟರೂ, “ಏನ್ ಸಿಕ್ತು?” ಎಂದು ಕೇಳುತ್ತಿದ್ದರು.

“ಏನಿಲ್ಲ,” ಎಂದಳು ಮಾಯವ್ವ ಅಂದಾನೆಪ್ಪನಿಗೆ. ನೂಲನ್ನು ಮುಷ್ಟಿಯೊಳಗೆ ಮುಚ್ಚಿ, ಸ್ಪೀಕರ್ ಆರಿಸಿ, ಮೊಬೈಲನ್ನು ಕಿವಿಗೆ ಒತ್ತಿಕೊಂಡು ರಸ್ತೆಗೆ ಬಂದು ಡಾಕ್ಟರಿಗೆ ಮಾತ್ರ ಹೇಳಿದಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಉಳದ ಎರಡರ ನೂಲು ಇವತ್ತಽ ತಗೀಬೇಕು,” ಎಂದರು. “ನೂಲು ಒಳಗ ಇರೂತನ ಯಾವ ಮುಲಾಮೂ ಕೆಲಸ ಮಾಡೂದಿಲ್ಲ. ಒಂದೆರಡು ದಿನ ತಡಾ ಆತು ಅಂದ್ರ ಪಾದ ಕಪ್ಪಾಗಿ ಉದರತಾವು. ನಾಳೆ ಸಂಜಿಮುಂದ ನಾ ಸೂಡಿ ಕಡೆ ಬರತೇನಿ, ಅಲ್ಲೀತನ ನೀ ತಗದಿರಬೇಕು.”

ಅವಳು ಬಿಳಿ ಪಟ್ಟಿಯ ಮುಲಾಮನ್ನೂ ಅಯೋಡಿನ್ನನ್ನೂ ತೆಗೆದುಕೊಂಡು ನೇರ ವೀರವ್ವನ ಮನೆಗೆ ನಡೆದಳು. ಮಗ್ಗದ ಸದ್ದು ಬೀದಿಯ ತನಕ ಕೇಳುತ್ತಿತ್ತು. ವೀರವ್ವ ಹಜಾರದಲ್ಲಿ ಕಾಲು ಚಾಚಿ ರಾಟಿ ತಿರುಗಿಸುತ್ತಿದ್ದಳು. ಮಾಯವ್ವ ಹೊಸಿಲಲ್ಲೇ ನಿಂತು ಮುಷ್ಟಿ ಬಿಚ್ಚಿದಳು.

“ಎಂಥಾ ನೂಲು ಕೊಟ್ಟೆವ್ವಾ ನನಗ?”

ವೀರವ್ವ ಕೀವು ಹತ್ತಿದ ನೂಲನ್ನು ನೋಡಿ ಮೂಗಿಗೆ ಸೆರಗು ಹಿಡಿದಳು. “ಶಿವನಽ! ಒಳಗ ತರಬ್ಯಾಡ ಅದನ್ನ. ನಾ ಕೊಟ್ಟದ್ದು ಜೋಳದ ಚೀಲದ ಬಾಯಿ ಕಟ್ಟಾಕ. ಕೋಳಿ ಕಾಲಿಗೆ ಕಟ್ಟು ಅಂತ ನಾ ಹೇಳಿದ್ನೇನು? ಚಮಕಾ ಹಲ್ಲಿಂದ ಕಡದ್ರ ಹಲ್ಲ ಹೋಗತಾವ, ನೂಲು ಹೋಗೂದಿಲ್ಲ. ಮೂರ ವರ್ಷ ಇಲ್ಲೇ ಕುಂತಾಕಿಗೆ ಅಷ್ಟು ಗೊತ್ತಾಗೂದಿಲ್ಲ?”

ನಾ ಹೇಳಿದ್ನೇನು. ಒಂದು ತಾಸಿನಲ್ಲಿ ಎರಡನೆಯ ಬಾಯಿಂದ ಅದೇ ಮಾತು. ಅಂದಾನೆಪ್ಪ ಹೇಳಿದಾಗ ಅದು ಕಳ್ಳನ ಮಾತಾಗಿ ಕೇಳಿತ್ತು. ವೀರವ್ವ ಹೇಳಿದಾಗ ಖರೇ ಮಾತಾಗಿ ಕೇಳಿತು. ಹಾಗಾದರೆ ತನ್ನದೇನು? ತಾನೂ ಊರಿಗೆ ಹೋಗಿ ಇದನ್ನೇ ಹೇಳಬಹುದು. ಮುಲಾಮು ಅಂಗಡಿಯವನ ತಪ್ಪು. ಅದಕ್ಕೆ ಸಾಕ್ಷಿ ಇದೆ, ಡಬ್ಬಿ ಇದೆ, ಮುದುಕ ಕೇಳಿದ್ದಾನೆ. ಲಾಲಬಿ ನಾಳೆಯೇ ಸಮಾಧಾನವಾಗುತ್ತಾಳೆ, ಬಾನುಬಿಯ ಹುಂಜ ಬುಟ್ಟಿಗೆ ಮರಳುತ್ತದೆ. ನೂಲಿನ ಮಾತು ಯಾರಿಗೂ ಬೇಕಿಲ್ಲ. ಒಳಗೊಳಗೇ ಎರಡು ಕೋಳಿಯ ಕಾಲು ಕೊಳೆಯುತ್ತದೆ, ಅಷ್ಟೇ.

ಊರಲ್ಲಿ ದೊಡ್ಡವರು ಹೀಗೆಯೇ ದೊಡ್ಡವರಾಗಿ ಉಳಿದಿರುವುದು. ಅರ್ಧ ಸತ್ಯವನ್ನು ಜೋರಾಗಿ ಕೂಗಿ, ಇನ್ನರ್ಧವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಮಾಯವ್ವನಿಗೆ ತನ್ನ ಮುಷ್ಟಿಯ ಮೇಲೇ ಅಸಹ್ಯ ಹುಟ್ಟಿತು.

ಬಸ್ಸಿಳಿದು ಓಣಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಲಾಲಬಿಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ನಿಲೋಫರ ಹೊಟ್ಟೆಯ ಮೇಲೆ ಕೈಯಿಟ್ಟು ಗೋಡೆಗೆ ಒರಗಿ ಕುಳಿತಿದ್ದಳು. ಎರಡು ಹೇಂಟೆಗಳು ಬುಟ್ಟಿಯಡಿಯಲ್ಲಿ ತೂಕಡಿಸುತ್ತಿದ್ದವು.

“ಯಾಕ ಬಂದಿ?” ಎಂದಳು ಲಾಲಬಿ, ಬಾಗಿಲು ಬಿಡದೆ.

“ಅಂಗಡಿಯಂವಾ ಬ್ಯಾರೆ ಮುಲಾಮು ಕೊಟ್ಟಾನ. ಜೋಮು ಹಿಡಿಸೋದು. ಅದರಿಂದಽ ಸತ್ತಾವು. ಎಲ್ಲಾರ ಮುಂದ ಓದಿಸೇನಿ.”

ಲಾಲಬಿಯ ಮುಖ ಸಡಿಲವಾಯಿತು. “ನಾ ಅನಕೊಂಡೆ. ಆ ಭಾಡ್ಯಾನ ಕೈ ಸೇದಿ ಹೋಗ್ಲಿ. ನಿನಗ ಸುಮ್ನ…” ಎನ್ನುತ್ತ ಬಾಗಿಲು ತೆರೆಯತೊಡಗಿದಳು.

ಆ ಬಾಗಿಲು ತೆರೆಯುವಷ್ಟು ಹೊತ್ತು ಮಾಯವ್ವ ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು.

“ತಡಿ. ಅಷ್ಟಽ ಅಲ್ಲ. ಗಾಯ ಆಗಿದ್ದು ನನ್ನಿಂದ.” ಅವಳು ಮುಷ್ಟಿ ಬಿಚ್ಚಿ ಹಸಿರು ನೂಲನ್ನು ತೋರಿಸಿದಳು. “ನಾ ಕಟ್ಟಿದ್ದು. ಒಳಗ ಹೊಕ್ಕಿತ್ತು. ತೊಳೀವಾಗ ನನ್ನ ಕಣ್ಣಿಗೆ ಕಾಣಲಿಲ್ಲ. ಉಳದ ಎರಡರಾಗೂ ಐತಿ.”

ಲಾಲಬಿ ನೂಲನ್ನು ನೋಡಿದಳು. ಆಮೇಲೆ ಮಾಯವ್ವನನ್ನು. ಅವಳ ಸಿಟ್ಟು ಮೊದಲಿಗಿಂತ ಹೆಚ್ಚಾಯಿತು. ಮುಂಜಾನೆಯದು ಅರಚಾಟವಾಗಿತ್ತು, ಈಗ ದನಿ ಇಳಿದಿತ್ತು.

“ನೀ ಕಟ್ಟಿದ್ದು.”

“ಹೌದು.”

“ನಾ ಮರಿ ಹಿಡದ ಕೊಟ್ಟೆ. ನನ್ನ ಕೈಲೆ ಹಿಡದ ಕೊಟ್ಟೆ ನಿನಗ.”

“ಹೌದು.”

“ಆರ ತಿಂಗಳ ಮಾಯಕ್ಕಾ. ಆರ ತಿಂಗಳ ನುಚ್ಚು ನಾ ಉಣ್ಣದಽ ಅವಕ್ಕ ಹಾಕೇನಿ. ನಿನ್ನ ಡಾಕ್ಟರಕಿ ಕಲಿಯಾಕ ಬ್ಯಾರೆದಾರ ಮನಿ ಕೋಳಿನಽ ಬೇಕೇನು ನಿನಗ? ಓಣಿ ತುಂಬ ಇದಽ ನೂಲು ಹಂಚೀದಿ. ಯಾರ್ಯಾರ ಮನ್ಯಾಗ ಎಷ್ಟೆಷ್ಟು ಕುಂಟಾಕ ಹತ್ಯಾವ, ಎಣಿಸೀಯೇನು?”

ಆ ಲೆಕ್ಕ ಮಾಯವ್ವನಿಗೆ ಗೊತ್ತಿತ್ತು. ಬಾನುಬಿಯ ಹುಂಜದ ಕಾಲೂ ಬಾತಿತ್ತು, ಅದಕ್ಕೇ ಬುಟ್ಟಿಯಡಿ ಬಂದಿತ್ತು. ಈ ಮನೆಯಾದ ಮೇಲೆ ಆ ಮನೆ, ಆ ಮನೆಯಾದ ಮೇಲೆ ಇನ್ನೊಂದು. ಪ್ರತಿ ಹೊಸಿಲಲ್ಲೂ ಇದೇ ಮಾತು ಹೇಳಿ, ಇದೇ ಮಾತು ಕೇಳಬೇಕು.

ಒಳಗಿನಿಂದ ನಿಲೋಫರ ಹೇಳಿದಳು, “ಅಮ್ಮಾ, ಬೈಯೋದು ಆಮ್ಯಾಲ ಬೈ. ಅಲ್ಲಿ ಒಂದು ಕಾಲಽ ಊರವಲ್ದು ನೋಡು.”

ಲಾಲಬಿ ಒಳಗೆ ಹೋದಳು. ಮಾಯವ್ವ ಅಂಗಳದಲ್ಲೇ ನಿಂತಳು. ಬಾಗಿಲು ಹಾಕುತ್ತಾಳೋ ಏನೋ. ಹಾಕಿದರೆ ಹಾಕಲು ಅವಳಿಗೆ ಹಕ್ಕಿತ್ತು. ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು ಕೇಳಿತು. ಆಮೇಲೆ ಉಪ್ಪಿನ ಡಬ್ಬಿಯ ಮುಚ್ಚಳ ತೆರೆದ ಸದ್ದು. ಲಾಲಬಿ ಬೆಚ್ಚಗಿನ ನೀರಿನ ಬೋಗುಣಿಯನ್ನು ತಂದು ಕಟ್ಟೆಯ ಮೇಲೆ ಕುಕ್ಕಿದಳು. ಅರ್ಧ ನೀರು ಚೆಲ್ಲಿತು. ಮತ್ತೆ ಹೋಗಿ ಕಾಲು ಊರಲಾಗದ ಹೇಂಟೆಯನ್ನು ಎತ್ತಿ ತಂದಳು.

“ಮುಲಾಮು ತಗಿ. ಹೊರಗ ಇಡು, ನನ್ನ ಮಗಳು ಓದಲಿ.”

ಮಾಯವ್ವ ಡಬ್ಬಿ ಕೊಟ್ಟಳು. ನಿಲೋಫರ ಹೊಸಿಲಿಗೆ ಬಂದು ಕುಳಿತು, ಡಬ್ಬಿಯನ್ನು ತಿರುವಿ ತಿರುವಿ ಓದಿದಳು. ಸಾದಾ, ಜೋಮು ಹಿಡಿಸುವುದು ಇಲ್ಲ ಎಂದಳು. ಲಾಲಬಿ ಎರಡನೇ ಸಲ ಓದಿಸಿದಳು. ಮಾಯವ್ವನಿಗೆ ಮೈ ಉರಿದುಹೋಯಿತು, ಆದರೂ ಸುಮ್ಮನೆ ಕಾಯ್ದಳು. ನಾಲ್ಕು ವರ್ಷ ಬಣ್ಣ ನೋಡಿ ನಂಬಿದವಳು ಇನ್ನು ಯಾವ ಬಾಯಿಂದ ಬೇಸರ ಮಾಡಿಕೊಳ್ಳುವುದು.

ಕಾಲನ್ನು ಉಪ್ಪುನೀರಿನಲ್ಲಿ ಅದ್ದಿ ಇಟ್ಟರು. ಹಳೆಯ ಮುಲಾಮು ಬೆಳ್ಳಗೆ ತೇಲಿ ಬಂತು. ಜೋಮು ಇಳಿದಂತೆ ಹೇಂಟೆಗೆ ನೋವು ಮರಳಿ, ಅದು ಮೊದಲ ಬಾರಿ ಕಿರುಚಿತು. ಐದು ದಿನದಿಂದ ಕಿರುಚಬೇಕಾಗಿದ್ದದ್ದು. ಮಾಯವ್ವ ಬ್ಲೇಡನ್ನು ಬಿಸಿನೀರಿನಲ್ಲಿ ತೊಳೆದು ಅಯೋಡಿನ್ನಿನಲ್ಲಿ ಒರೆಸಿದಳು. ಬಾವಿನ ಅಂಚಿನಲ್ಲಿ ಕೂದಲಿನಷ್ಟು ಹಸಿರು ಕಾಣುತ್ತಿತ್ತು. ಇದನ್ನು ವಾರದ ಹಿಂದೆಯೂ ಕಾಣಬಹುದಿತ್ತು.

ಲಾಲಬಿ ಹೇಂಟೆಯ ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದಿದ್ದಳು. ಅವಳ ಕಣ್ಣು ಬ್ಲೇಡಿನ ಮೇಲಿತ್ತು.

“ಇದೂ ಸತ್ತರ ನಾ ಸುಮ್ನಿರಾಕಿ ಅಲ್ಲ.”

“ಇರಬ್ಯಾಡ,” ಎಂದಳು ಮಾಯವ್ವ. “ಕಾಲು ಗಟ್ಟಿ ಹಿಡಿ.”